ಸೋಡಾ ಎಂದರೆ ಯಾವ ಸೋಡಾ?

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಕಣದ ತುಂಬ ಕಾಫಿ ಹಣ್ಣು ಒಣಗುತ್ತಿರುತ್ತದೆ. ದೊಡ್ಡವರು ಕುಯ್ಲಿನ ಗಡಿಬಿಡಿಯಲ್ಲಿದ್ದರೆ, ಮಕ್ಕಳು ಅಡುಗೆಮನೆಯಲ್ಲಿ ಚಾಕೊಲೇಟ್ ಕೇಕ್ ಮಾಡುವ ಹಟ ಹಿಡಿದಿರುತ್ತಾರೆ. ಯಾರಿಂದಲೋ ಕೇಳಿ ಬರೆದುಕೊಂಡ ಚೀಟಿಯಲ್ಲಿ ‘ಸೋಡಾ’ ಎಂದಷ್ಟೇ ಇರುತ್ತದೆ. ತೊಡಕು ಅಲ್ಲೇ ಶುರು. ಅಂಗಡಿಯ ಗೋಲಿ ಸೋಡಾವೋ, ಬಜ್ಜಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾವೋ, ಬಟ್ಟೆ ಒಗೆಯುವ ಸೋಡಾವೋ? ಮೂರನೆಯದನ್ನು ಅಡುಗೆಮನೆಯಲ್ಲಿ ಇಡದಿರುವುದೇ ಒಳ್ಳೆಯದು.

ಗೋಲಿ ಸೋಡಾದಲ್ಲಿರುವುದು ಒತ್ತಡದಿಂದ ಇಂಗಾಲದ ಡೈಆಕ್ಸೈಡ್ ಕರಗಿಸಿದ ನೀರು. 1767ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಇಂಥ ನೀರನ್ನು ತಯಾರಿಸಿದ. ಅಡುಗೆ ಸೋಡಾ ಎಂಬುದು ಸೋಡಿಯಂ ಬೈಕಾರ್ಬೊನೇಟ್. ಅದರೊಳಗೂ ಅದೇ ಅನಿಲ ಅಡಗಿದೆ. ಆದರೆ ಅದನ್ನು ಹೊರಡಿಸಬೇಕಾದರೆ ಆಮ್ಲ ಬೇಕು, ಇಲ್ಲವೇ ಶಾಖ ಬೇಕು. ಕೇಕಿನ ಗೆಲುವು ಸೋಲು ನಿಂತಿರುವುದು ಈ ಎರಡರ ವ್ಯತ್ಯಾಸದ ಮೇಲೆ.

ಅರ್ಧ ಟೀ ಚಮಚ ಅಡುಗೆ ಸೋಡಾ ಎಂದರೆ ಹೆಚ್ಚು ಕಡಿಮೆ ಎರಡೂವರೆ ಗ್ರಾಂ. ಸಾಕಷ್ಟು ಹುಳಿ ಸಿಕ್ಕರೆ ಅದು ಸುಮಾರು 700 ಮಿಲಿಲೀಟರ್ ಅನಿಲ ಕೊಡುತ್ತದೆ. ಬರೀ ಶಾಖದಿಂದ ಪೂರ್ತಿ ಒಡೆದರೂ ಸಿಗುವುದು ಅದರ ಅರ್ಧ ಮಾತ್ರ. ಉಳಿದರ್ಧ ಎಲ್ಲಿ ಹೋಯಿತು? ಸೋಡಿಯಂ ಕಾರ್ಬೊನೇಟ್ ಆಗಿ, ಅಂದರೆ ಅದೇ ಬಟ್ಟೆ ಸೋಡಾ ಆಗಿ, ಕೇಕಿನಲ್ಲೇ ಕುಳಿತಿತು. ಬಾಯಿಗಿಟ್ಟರೆ ಸಾಬೂನಿನ ರುಚಿ, ಕೊನೆಯಲ್ಲಿ ಕಹಿ. ‘ಉಬ್ಬಲಿಲ್ಲ, ಮುಂದಿನ ಸಲ ಇನ್ನೊಂದು ಚಮಚ ಹಾಕು ಮಗಾ’ ಎಂದು ಅಮ್ಮ ಅಂದರೆ ಕಹಿ ಇಮ್ಮಡಿಯಾಗುತ್ತದೆಯೇ ಹೊರತು ಕೇಕ್ ಸುಧಾರಿಸುವುದಿಲ್ಲ. ಕೊರತೆ ಇದ್ದದ್ದು ಹುಳಿಯದು. ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ಬಾಯಿಪಾಠ ಮಾಡಿದವರಿಗೂ ಇದು ಒಲೆಯ ಮುಂದೆ ನೆನಪಾಗುವುದಿಲ್ಲ ಎನ್ನುವುದು ಬೇಸರದ ಸಂಗತಿ.

ಹಾಗಾದರೆ ಬಾಟಲಿಯ ಸೋಡಾವನ್ನೇ ಸುರಿದರೆ? ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೋಲಾ ಹಾಕಿದ ಚಾಕೊಲೇಟ್ ಕೇಕ್ ಹೆಸರುವಾಸಿ. ಆದರೆ ಆ ಕೇಕಿಗೂ ಸಾಮಾನ್ಯವಾಗಿ ಮಜ್ಜಿಗೆ ಮತ್ತು ಅಡುಗೆ ಸೋಡಾ ಬೀಳುತ್ತವೆ. ನಿಜವಾದ ಕೆಲಸ ಮಾಡುವವು ಅವೇ. ಬಾಟಲಿಯ ಗುಳ್ಳೆಗಳಲ್ಲಿ ಹೆಚ್ಚಿನವು ಕಲಸುವಾಗಲೇ ಹಾರಿಹೋಗುತ್ತವೆ. ಕೋಲಾದಿಂದ ಕೇಕಿಗೆ ದಕ್ಕುವುದು ಮುಖ್ಯವಾಗಿ ಸಕ್ಕರೆ, ಬಣ್ಣ, ಒಂದಿಷ್ಟು ಘಮ.

ಇನ್ನು ಕೋಕೋ. ಚಾರ್ಮಾಡಿ ಘಾಟಿ ಇಳಿದು ಮುಂದೆ ಹೋದರೆ ಪುತ್ತೂರಿನಲ್ಲಿ 1986ರಲ್ಲಿ ಶುರುವಾದ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಇದೆ. ಅಡಿಕೆ ತೋಟಗಳ ನಡುವೆ ಬೆಳೆದ ಕೋಕೋಗೆ ಅದೊಂದು ಆಸರೆ. ಸಹಜ ಕೋಕೋ ಪುಡಿ ತಾನೇ ಸ್ವಲ್ಪ ಆಮ್ಲೀಯ, ಸೋಡಾಕ್ಕೆ ಒದಗಿಬರುತ್ತದೆ. ‘ಆಲ್ಕಲೈಸ್ಡ್’ ಅಥವಾ ‘ಡಚ್’ ಎಂದು ಬರೆದ ಪುಡಿಯಲ್ಲಿ ಕ್ಷಾರ ಬೆರೆಸಿ ಆ ಹುಳಿಯನ್ನು ತೆಗೆದಿರುತ್ತಾರೆ. ಆದ್ದರಿಂದ ಕೊಳ್ಳುವಾಗ ಪೊಟ್ಟಣ ಓದಿ. ಮನೆಯಲ್ಲೇ ಇರುವ ಕಾಫಿ ಡಿಕಾಕ್ಷನ್ ಕೂಡ ತುಸು ಆಮ್ಲೀಯವೇ. ಜೊತೆಗೆ ಚಾಕೊಲೇಟಿನ ರುಚಿಯನ್ನು ಎತ್ತಿ ಕೊಡುತ್ತದೆ.

ಮಲೆನಾಡಿನವರು ಗಮನಿಸಬೇಕಾದ ಇನ್ನೊಂದು ವಿಷಯ ಎತ್ತರ. ಚಿಕ್ಕಮಗಳೂರು, ಮೂಡಿಗೆರೆ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿವೆ. ಮಂಗಳೂರಿಗಿಂತ ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಕಡಿಮೆಯಾದಷ್ಟೂ ಅನಿಲ ಹೆಚ್ಚು ಹಿಗ್ಗುತ್ತದೆ. ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ದೊಡ್ಡವಾಗಿ ಒಡೆದರೆ ಕೇಕಿನ ನಡು ಕುಸಿಯುತ್ತದೆ. ಕರಾವಳಿಯ ನೆಂಟರು ಹೇಳಿದ ಅಳತೆಗಿಂತ ಸೋಡಾ ಒಂದು ಚಿಟಿಕೆ ಕಡಿಮೆಯಿರಲಿ.

ಮೊಟ್ಟೆಯಿಲ್ಲದ ಒಂದು ಅಳತೆ ಹೀಗಿದೆ. ಒಂದೂವರೆ ಕಪ್ ಮೈದಾ, ಒಂದು ಕಪ್ ಪುಡಿ ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಎಲ್ಲವನ್ನೂ ಜರಡಿ ಹಿಡಿಯಿರಿ. ಮುಕ್ಕಾಲು ಕಪ್ ಹುಳಿ ಬಂದ ಗಟ್ಟಿ ಮಜ್ಜಿಗೆ, ಕಾಲು ಕಪ್ ತಣಿದ ಡಿಕಾಕ್ಷನ್, ಐದು ದೊಡ್ಡ ಚಮಚ ಎಣ್ಣೆ, ಒಂದು ಚಮಚ ನಿಂಬೆರಸ ಬೇರೆ ಬೆರೆಸಿಟ್ಟುಕೊಳ್ಳಿ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದಂಗುಲ ಮರಳು ಹರಡಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿ. ಕುಕ್ಕರನ್ನೇ ಬಳಸುವುದಾದರೆ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿರಬೇಕು, ದೊಡ್ಡವರು ಜೊತೆಗಿರಬೇಕು. ಮರಳು ಕಾದ ಮೇಲೆಯೇ ಹಿಟ್ಟಿಗೆ ದ್ರವವನ್ನು ಸೇರಿಸಿ ಕಲಸಿ, ಎಣ್ಣೆ ಸವರಿದ ಡಬ್ಬಿಗೆ ಸುರಿದು ಒಳಗಿಡಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಾದ ಮೇಲೆ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಬಾರದು.

ಹುಳಿ ತಾಗಿದ ಕ್ಷಣದಿಂದಲೇ ಅನಿಲ ಹೊರಡಲು ಶುರುವಾಗುತ್ತದೆ. ಕಲಸಿದ ಮೇಲೆ ನೆಂಟರು ಬಂದರೆಂದು ಬೋಗುಣಿಯನ್ನು ಅರ್ಧ ಗಂಟೆ ಬದಿಗಿಟ್ಟರೆ, ಆಮೇಲೆ ಒಲೆಗೆ ಹೋಗುವುದು ಉಸಿರು ಹೋದ ಹಿಟ್ಟು. ನೆಂಟರಿಗೆ ಕಾಫಿ ಕೊಟ್ಟ ಮೇಲೇ ಕಲಸಿ.