ಮೆರುಗು ಮೊದಲೋ, ಬ್ರೇಕು ಮೊದಲೋ?

1996ರಲ್ಲಿ ಮುಚ್ಚಿಹೋದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳನ್ನು ಮನೆಯಂಗಳದಲ್ಲಿಯೇ ಜೀರ್ಣೋದ್ಧಾರಮಾಡುವ ಅಭಿಮಾನಿಗಳು ಇಂದಿಗೂ ಉಂಟು. ಅವರ ಶ್ರದ್ಧೆಯು ಸ್ತುತ್ಯವೇ. ಕ್ರಮವು ಮಾತ್ರ ತಲೆಕೆಳಗು. ಟ್ಯಾಂಕಿಗೆ ಬಣ್ಣ, ಸೈಲೆನ್ಸರಿಗೆ ಹೊಳಪು ಮೊದಲು, ಬ್ರೇಕು ಕಟ್ಟಕಡೆಗೆ! ಹಳೆಯ ಬಂಡಿಯ ಬ್ರೇಕು ಇಷ್ಟೇ ಎಂದು ಸಮಾಧಾನ ಹೇಳುವವರೂ ಇರುವರು. ಅಡ್ಡಬರುವ ಮಗುವು ಬಂಡಿಯ ವಯಸ್ಸನ್ನು ವಿಚಾರಿಸಿಕೊಂಡು ಬರುವುದೆ? ಡ್ರಮ್ಮಿನೊಳಗಣ ಎಣ್ಣೆ ಕುಡಿದ ಲೈನಿಂಗನ್ನು ಉಪ್ಪುಕಾಗದದಿಂದ ಉಜ್ಜಿ ಮರಳಿ ತೊಡಿಸುವುದು ಆತ್ಮವಂಚನೆ. ಬಿಸಿಯೇರಿದೊಡನೆ ಒಳಗಿನ ಎಣ್ಣೆಯು ಒಸರಿ ಹಿಡಿತವು ತಪ್ಪುವುದು, ಅದನ್ನು ಬದಲಿಸಲೇಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳನ್ನು ಬಾಯಿಂದ ಊದುವ ಸಾಹಸಿಗಳು ಶ್ವಾಸಕೋಶದ ರೋಗವನ್ನೇ ಆಹ್ವಾನಿಸುವರು. ಒದ್ದೆಬಟ್ಟೆಯಿಂದ ಒರೆಸಿ ತೆಗೆಯುವುದಕ್ಕೆ ಎಷ್ಟು ಹೊತ್ತು ಬೇಕು?