ವೈದ್ಯರಾದ ರಾಶಿಯವರು

ವೈದ್ಯರನ್ನು ಕುರಿತು ಸಂಸ್ಕೃತ ಕವಿಗಳು ಆಡಿರುವ ಪರಿಹಾಸದ ಮಾತುಗಳು ಒಂದೆರಡಲ್ಲ. ಯಮನಿಗೂ ವೈದ್ಯನಿಗೂ ಅಣ್ಣತಮ್ಮಂದಿರ ನಂಟು ಕಟ್ಟಿದ ಸುಭಾಷಿತವನ್ನು ಕೇಳದ ಸಂಸ್ಕೃತ ವಿದ್ಯಾರ್ಥಿಯೇ ಇರಲಾರನು. ನಾವೂ ಅದನ್ನು ಪಾಠ ಹೇಳಿ ಹುಡುಗರನ್ನು ನಗಿಸಿದ್ದುಂಟು. ಆದರೆ ನಮ್ಮ ಕನ್ನಡನಾಡಿನಲ್ಲಿ ಈ ವಿಷಯವು ತಿರುಗುಮುರುಗಾಯಿತು. ಇಲ್ಲಿ ಒಬ್ಬ ವೈದ್ಯರು ತಾವೇ ನಗೆಗಾರರಾಗಿ ನಿಂತು ಇಪ್ಪತ್ತೈದು ವರ್ಷಗಳ ಕಾಲ ಮನೆಮನೆಯವರನ್ನೂ ನಗಿಸಿದರು. ಅವರೇ ಡಾಕ್ಟರ್ ಎಂ. ಶಿವರಾಮರು. ತಮ್ಮ ಹೆಸರನ್ನು ಹಿಂದುಮುಂದಾಗಿಸಿಕೊಂಡು 'ರಾಶಿ' ಎಂದು ಬರೆಯುತ್ತಿದ್ದುದರಿಂದ ಜನರು ಅವರನ್ನು ಬಲ್ಲುದು ಆ ಹೆಸರಿನಿಂದಲೇ.

1905ರಲ್ಲಿ ಜನಿಸಿದ ಈ ಮಹನೀಯರು ಬೆಂಗಳೂರಿನಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತ, 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪ್ರಧಾನವಾದ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎಂತಹ ವರ್ಷವೆಂಬುದನ್ನು ವಾಚಕರು ನೆನೆಯಬೇಕು. ಮಹಾಯುದ್ಧವು ಬರ್ಮಾ ದೇಶವನ್ನು ನುಂಗಿ ನಮ್ಮ ಹೊಸ್ತಿಲಿಗೆ ಬಂದಿದ್ದಿತು. ಆಗಸ್ಟ್ ತಿಂಗಳಿನಲ್ಲಿ ಕ್ವಿಟ್ ಇಂಡಿಯಾ ಚಳವಳಿಯು ಹೊತ್ತಿಕೊಂಡಿತು. ಅಕ್ಕಿಗೂ ಕಾಗದಕ್ಕೂ ಅಭಾವ. ಇಂಥ ಕಾಲದಲ್ಲಿ ನಗೆಯ ಪತ್ರಿಕೆಯೆ, ಎಂದು ಮೂಗಿನ ಮೇಲೆ ಬೆರಳಿಟ್ಟವರು ಇದ್ದಿರಬಹುದು. ರೋಗಿಯ ಹಾಸಿಗೆಯ ಬಳಿ ಕುಳಿತು ಬಲ್ಲವರು ಮಾತ್ರ ಹಾಗೆ ಕೇಳಲಾರರು.

ಪತ್ರಿಕೆಗೆ ಇಟ್ಟ ಹೆಸರೂ ಸೊಗಸಾಗಿದೆ. ಬುಟ್ಟಿ ಹೊತ್ತು, ಕೂಸನ್ನು ಕಟ್ಟಿಕೊಂಡು, ಕಣಿ ಹೇಳುತ್ತ ಬೀದಿಯಲ್ಲಿ ಬರುವ ಕೊರವಂಜಿಗೆ ಒಳಮನೆಯ ವರೆಗೂ ಮಾತಿನ ಸಲಿಗೆಯುಂಟು. ನಮ್ಮ ಹಳೇಕೋಟೆಯಲ್ಲಿಯೂ ಚಿಕ್ಕಂದಿನಲ್ಲಿ ನೋಡಿದ್ದೇವೆ: ಗಂಡಸರಿಗೆ ಹೇಳದ ದುಃಖವನ್ನು ಹೆಂಗಸರು ಆಕೆಯ ಮುಂದೆ ಕೈಚಾಚಿ ಹೇಳಿಕೊಳ್ಳುತ್ತಿದ್ದರು, ಮೊರದಲ್ಲಿ ರಾಗಿ ತಂದು ಸುರಿಯುತ್ತಿದ್ದರು. ಮನೆಯ ಹುಳುಕನ್ನು ಮನೆಯವರಿಗೇ ಹೇಳಿ, ಬೈಸಿಕೊಳ್ಳದೆ ಪಡಿ ಪಡೆದು ಹೋಗುವ ಜಾಣ್ಮೆ ಆಕೆಯದು. ರಾಶಿಯವರ ಪತ್ರಿಕೆಯ ಗುಣವೂ ಅದೇ.

ನಾವು ತೊಟ್ಟಿಲು ಬಿಟ್ಟಿಳಿಯುವ ಕಾಲಕ್ಕೆ, 1967ರಲ್ಲಿ, ಆ ಪತ್ರಿಕೆಯು ನಿಂತುಹೋಯಿತು. ಹೊಳೆನರಸೀಪುರದ ಬಂಧುಗಳೊಬ್ಬರು ಜೋಪಾನ ಮಾಡಿದ್ದ ಹಳೆಯ ಸಂಚಿಕೆಗಳನ್ನು ಬೇಸಗೆಯ ರಜೆಗಳಲ್ಲಿ ಓದಿದ್ದರಿಂದ ನಮಗೆ ಅದರ ರುಚಿ ಹತ್ತಿತು. ಮುಂದೆ ಭಾರತಕ್ಕೆಲ್ಲ ಹೆಸರಾದ ಆರ್. ಕೆ. ಲಕ್ಷ್ಮಣರು ಎಳೆಯ ವಯಸ್ಸಿನಲ್ಲಿ ಅದಕ್ಕೆ ವ್ಯಂಗ್ಯಚಿತ್ರಗಳನ್ನು ಬರೆದರು. ನಾ. ಕಸ್ತೂರಿಯವರು ಬರೆದರು. ಟಿ. ಸುನಂದಮ್ಮನವರು ಬರೆದರು, ಹೆಂಗಸರಿಗೆ ಹಾಸ್ಯ ಒಲಿಯದೆಂದು ಗಂಡಸರು ತೀರ್ಮಾನಿಸಿಕೊಂಡಿದ್ದ ಕಾಲ ಅದು. ಭರತಮುನಿಯು ನಗೆಯನ್ನು ಸ್ಮಿತ, ಹಸಿತ ಮೊದಲಾಗಿ ಆರು ಬಗೆಯಾಗಿ ಎಣಿಸಿ, ಮೊದಲೆರಡನ್ನು ಉತ್ತಮರಿಗೂ ಕಡೆಯೆರಡನ್ನು ಅಧಮರಿಗೂ ಹಂಚಿಕೊಟ್ಟಿದ್ದಾನೆ. ಪಕ್ಕೆ ಹಿಡಿದುಕೊಂಡು ಕಣ್ಣೀರು ಸುರಿಸುವ ನಗೆಯು ಈ ಲೆಕ್ಕದಲ್ಲಿ ಕಡೆಯದು. ನಮಗೆ ಈ ಪಂಕ್ತಿಭೇದವು ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಆದರೂ ಕೊರವಂಜಿಯ ನಗೆಯು ಬಹುಮಟ್ಟಿಗೆ ಮೊದಲೆರಡು ಬಗೆಯದೆಂದು ಹೇಳಬಲ್ಲೆವು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಾವು ಈ ತಿಂಗಳು ಲೇಖನಿ ಹಿಡಿದುದು ಬೇರೊಂದು ಕಾರಣಕ್ಕಾಗಿ. ರಾಶಿಯವರ 'ಮನಮಂಥನ'ವೆಂಬ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಾದಂಬರಿಯಲ್ಲ, ಕಾವ್ಯವಲ್ಲ, ಮನಸ್ಸಿನ ರೋಗಗಳನ್ನು ಕುರಿತ ಪುಸ್ತಕ. ಕೊರವಂಜಿಯನ್ನು ನೆನೆಯುವವರು ಇಂದೂ ಸಿಕ್ಕುತ್ತಾರೆ, ಮನಮಂಥನವನ್ನು ನೆನೆಯುವವರು ವಿರಳ. ನಮ್ಮ ತಕ್ಕಡಿಯಲ್ಲಿ ಎರಡನೆಯದೇ ಹೆಚ್ಚು ತೂಗುತ್ತದೆ. ಚರಕಸಂಹಿತೆಯು ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸಿದೆ. ದೈವವ್ಯಪಾಶ್ರಯವೆಂದರೆ ಜಪಹೋಮಾದಿಗಳು. ಯುಕ್ತಿವ್ಯಪಾಶ್ರಯವೆಂದರೆ ಔಷಧ ಪಥ್ಯಗಳು. ಸತ್ತ್ವಾವಜಯವೆಂದರೆ ಮನಸ್ಸನ್ನು ಕೆಡುಕಿನಿಂದ ಹಿಂದೆಳೆದು ಸ್ಥಿಮಿತಕ್ಕೆ ತರುವುದು. ನಮ್ಮ ಹಳ್ಳಿಗಳಲ್ಲಿ ಮೈಗೆ ಕಾಯಿಲೆಯಾದರೆ ಎರಡನೆಯದು, ಮನಸ್ಸಿಗೆ ಕಾಯಿಲೆಯಾದರೆ ಮೊದಲನೆಯದು ಎಂಬ ವಾಡಿಕೆ ಬಿದ್ದುಹೋಗಿದೆ. ಮೂರನೆಯದನ್ನು ಕೇಳುವವರೇ ಇಲ್ಲ. ಮನಸ್ಸಿನ ಬೇನೆಯೂ ವೈದ್ಯನಿಗೆ ತೋರಿಸತಕ್ಕ ಬೇನೆಯೆಂಬುದನ್ನು ಗೃಹಸ್ಥರ ಕನ್ನಡದಲ್ಲಿ ಬರೆದಿಡಲು ಒಬ್ಬ ವೈದ್ಯರು ಮನಸ್ಸು ಮಾಡಿದರಲ್ಲ, ಅದು ಸಾಮಾನ್ಯವಲ್ಲ.

ಸಂಸ್ಕೃತ ಓದಿದವರೆಂಬ ಕಾರಣದಿಂದ ತಾಯಿತಕ್ಕೂ ಮುಹೂರ್ತಕ್ಕೂ ನಮ್ಮಲ್ಲಿಗೆ ಬರುವವರುಂಟು. ಕೆಲವು ಕಾಲದ ಹಿಂದೆ ಸಮೀಪದ ಹಳ್ಳಿಯ ಒಬ್ಬ ತಾಯಿ ಬಂದು ಜಗಲಿಯ ಮೇಲೆ ಕುಳಿತಳು.

"ಮೇಷ್ಟ್ರೇ, ಹುಡುಗ ಮೂರು ವಾರದಿಂದ ನಿದ್ದೆ ಮಾಡಿಲ್ಲ. ಒಬ್ಬೊಬ್ಬನೇ ಮಾತಾಡ್ತಾನೆ. ಗಾಳಿ ಸೋಕದೆ. ಏನಾರ ಒಂದು ಕಟ್ಟಿಕೊಡಿ."

ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿದ್ದರೆಂಬುದು ಆಮೇಲೆ ತಿಳಿಯಿತು. ಮನೆಯಲ್ಲಿ ಮಗಳ ಸಂಬಂಧದ ಮಾತುಕತೆ ನಡೆಯುತ್ತಿದ್ದಿತು.

"ದೇವರಿಗೆ ಕೈ ಮುಗಿಯಬೇಡವೆನ್ನುವುದಿಲ್ಲ, ತಾಯಿ. ಆದರೆ ಯಜಮಾನರ ಸಕ್ಕರೆ ಕಾಯಿಲೆಗೆ ಹಾಸನದ ಆಸ್ಪತ್ರೆಗೆ ಹೋಗುತ್ತೀರಿ. ಇದಕ್ಕೇಕೆ ಹೋಗಬಾರದು?" ಎಂದೆವು.

"ಸಕ್ಕರೆ ಕಾಯಿಲೆ ಅಂದ್ರೆ ಸಂಬಂಧ ಮುರಿಯಲ್ಲ ಮೇಷ್ಟ್ರೇ. ಇದು ಅಂದ್ರೆ ಮುರೀತದೆ."

ತರ್ಕಶಾಸ್ತ್ರದಲ್ಲಿ ಈ ಮಾತಿಗೆ ಉತ್ತರವಿಲ್ಲ. ನಾವು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಆ ತಾಯಿಗೆ ನಮಗೆ ತಿಳಿದಷ್ಟನ್ನು ಹೇಳಿದೆವು. ಹುಚ್ಚಾಸ್ಪತ್ರೆಯೆಂದು ಜನರು ಹೆದರುತ್ತಿದ್ದ ಬೆಂಗಳೂರಿನ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಗಿ ದೇಶಕ್ಕೆ ಪಾಠ ಹೇಳುವ ವಿದ್ಯಾಲಯವಾಗಿದೆಯೆಂದೂ, ಹಾಸನದಲ್ಲಿ 2006ರಿಂದ ವೈದ್ಯಕೀಯ ಕಾಲೇಜು ಇರುವುದರಿಂದ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲವೆಂದೂ, ಮನೋರೋಗಿಯನ್ನು ಸರಪಣಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆಯು ನಿಷೇಧಿಸಿದೆಯೆಂದೂ ಹೇಳಿದೆವು. ಮನೆಯ ಬಾಗಿಲು ದಾಟಲು ಅಂಜುವವರಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಏರ್ಪಾಡಿನ ದೂರವಾಣಿ ಸಂಖ್ಯೆ 14416. ಹಗಲುರಾತ್ರಿ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಅದನ್ನು ಪಂಚಾಂಗದ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟೆವು. ತಾಯಿತವನ್ನು ಕಟ್ಟಿಕೊಡಲಿಲ್ಲ. ಮುಂದಿನ ವಾರ ತಾಯಿ ಮಗ ಬೆಳಗಿನ ಬಸ್ಸು ಹತ್ತಿದರಂತೆ. ಈಗ ತಿಂಗಳಿಗೊಮ್ಮೆ ಹೋಗಿ ಮಾತ್ರೆ ತರುತ್ತಾರೆ. ಹುಡುಗ ನಿದ್ದೆ ಮಾಡುತ್ತಾನೆ. ಕೇಳಿದವರಿಗೆ ಹೊಟ್ಟೆನೋವಿನ ಮಾತ್ರೆಯೆಂದು ಹೇಳುತ್ತಾರೆ. ಹೇಳಿಕೊಳ್ಳಲಿ.

ರಾಶಿಯವರ ಗೃಹಜೀವನದ ಒಂದು ಸಂಗತಿಯನ್ನು ಹೇಳದೆ ಬಿಡಲಾರೆವು. ಹಗಲೆಲ್ಲ ರೋಗಿಗಳು, ಉಳಿದ ಹೊತ್ತೆಲ್ಲ ಪತ್ರಿಕೆ. ಹೀಗೆ ಇಪ್ಪತ್ತೈದು ವರ್ಷ ನಡೆಯಬೇಕಾದರೆ ಮನೆಯವರ ಸಹನೆ ಎಷ್ಟಿದ್ದಿರಬೇಕು! ಪತ್ರಿಕೆ ನಡೆಸುವ ಯಜಮಾನರಿರುವ ಮನೆಯಲ್ಲಿ ಮಕ್ಕಳು ಆ ಕಡೆ ತಲೆಹಾಕಿಯೂ ಮಲಗುವುದಿಲ್ಲವೆಂಬುದು ಲೋಕಾನುಭವ. ಇಲ್ಲಿ ಹಾಗಾಗಲಿಲ್ಲ. ಹೊಲಗದ್ದೆಯ ಪಾಲಿಗಾಗಿ ಕಚೇರಿ ಹತ್ತಿದ ಮಕ್ಕಳನ್ನು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಕಂಡಿದ್ದೇವೆ. ತಂದೆಯ ನಗೆಯನ್ನೇ ಪಾಲಿಗೆ ಪಡೆದ ಮಗನು ಅಪರೂಪ. ಪುತ್ರರಾದ ಶಿವಕುಮಾರರು 1983ರಲ್ಲಿ 'ಅಪರಂಜಿ'ಯೆಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ಕೊರವಂಜಿಯು ನಿಂತು ಹದಿನಾರು ವರ್ಷಗಳಾಗಿದ್ದವು. ಮಗನು ಕೆಲಸವನ್ನು ಕೈಗೆತ್ತಿಕೊಂಡ ಮರುವರ್ಷ, 1984ರಲ್ಲಿ, ತಂದೆಯವರು ತೀರಿಕೊಂಡರು.