ಕಾರಿಗೆ ಕಾನೂನು, ಪಂಪ್‌ಸೆಟ್ಟಿಗೆ ಗುಜರಿ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಕಾರು-ಬೈಕಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ನಂಬರ್ ಪ್ಲೇಟ್ ಸಿಗುತ್ತೆ. ವಿಮಾನಕ್ಕೂ ಜಾಗ ಇದೆ: 1961ರಲ್ಲಿ ಮೊದಲು ಹಾರಿದ ಮಾರುತ್ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿದೆ.

ಆದರೆ ಕೆರೂರಿನಂಥ ಊರುಗಳ ಬಾವಿಯಿಂದ ನೀರೆತ್ತಿದ ಡೀಸೆಲ್ ಎಂಜಿನ್? ಅದು ವಾಹನವಲ್ಲ, ಹಾಗಾಗಿ ಈ ನಿಯಮದ ಕಣ್ಣಿಗೆ ಬೀಳೋದೇ ಇಲ್ಲ. ಕರೆಂಟ್ ಮೋಟರ್ ಬಂದ ಮೇಲೆ ಅದಕ್ಕೆ ಉಳಿದಿದ್ದು ಗುಜರಿಯ ಕೆಜಿ ಲೆಕ್ಕ. ರೈತರಿಗೆ ನೇಗಿಲು, ಎಂಜಿನ್ ಮಾಡಿಕೊಟ್ಟ ಕಿರ್ಲೋಸ್ಕರ್ ಉದ್ಯಮ 1888ರಲ್ಲಿ ಶುರುವಾಗಿದ್ದು ನಮ್ಮ ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ!

ಪರಂಪರೆ ಅಂದರೆ ಶ್ರೀಮಂತರ ಗ್ಯಾರೇಜು ಮಾತ್ರ ಅಲ್ಲ. ತಾಲ್ಲೂಕಿಗೊಂದು ಐಟಿಐ ಒಂದೊಂದು ಹಳೇ ಎಂಜಿನ್ ಉಳಿಸಿ, ಹುಡುಗರ ಕೈಲಿ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿಸಲಿ. ದುಡಿದ ಯಂತ್ರಕ್ಕೂ ಚರಿತ್ರೆ ಇದೆ.